ಎಂಜಿನ್ ಮಾತ್ರ ಅವಳದು

ದಿನಕ್ಕೆ ನಲವತ್ತು ಸಲವಾದರೂ ನಿರೀಕ್ಷಾ ಹೇಳುವ ಮಾತು ಒಂದೇ: "ಉಗುಳಿ."

ಉಗುಳಬೇಡಿ ಎಂದು ಗೋಡೆಗಳ ಮೇಲೆ ಓದಿಕೊಂಡೇ ಬೆಳೆದ ಜನ ಮೊದಮೊದಲು ನಾಚುತ್ತಿದ್ದರು. ಮದುವೆ ನಿಶ್ಚಯವಾದ ಹುಡುಗರು ಸೀಸೆ ಹಿಡಿದು ಗೋಡೆಯ ಕಡೆ ತಿರುಗುತ್ತಿದ್ದರು. ಮುದುಕಿಯರಿಗೆ ಮಾತ್ರ ಯಾವ ಸಂಕೋಚವೂ ಇರಲಿಲ್ಲ.

"ಎಲೆಯಡಿಕೆ ಹಾಕಿದ್ದೇನೆ ಮಗಾ. ಕೆಂಪು ಬಂದರೆ ನಿನ್ನ ಮೆಷಿನು ನನ್ನನ್ನು ಬೇರೆ ಬಳಿಗೆ ಹಾಕೀತಾ?"

"ಬಾಯಿ ತೊಳೆದು ಬನ್ನಿ ಅಜ್ಜಿ."

ಬಂದರು ರಸ್ತೆಯ ಹಳೆಯ ಐಸ್ ಪ್ಲಾಂಟಿನ ಕಟ್ಟಡದಲ್ಲಿತ್ತು ಆ ಕೇಂದ್ರ. ಕಡಲ ತಡಿಯ ಮೊಗವೀರ ಕುಟುಂಬಗಳಲ್ಲಿ ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ವಂಶ. ಅಮ್ಮ ಕುಂದರ್ ಆದರೆ ಮಕ್ಕಳೂ ಕುಂದರ್. ಅಪ್ಪ ಯಾರೇ ಇರಲಿ. ಒಂದೇ ಬಳಿಯ ಹುಡುಗ ಹುಡುಗಿ ಅಣ್ಣ ತಂಗಿ ಇದ್ದಂತೆ, ಮದುವೆ ಕೂಡದು. ಆದರೆ ಮೂರು ತಲೆಮಾರು ಪೇಟೆಯಲ್ಲಿ ಕಳೆದು, ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರನ್ನೇ ಅಂಟಿಸಿಕೊಂಡು, ಯಾರು ಯಾವ ಬಳಿ ಎನ್ನುವುದೇ ಕಲಸಿಹೋಗಿತ್ತು. ಎರಡು ಮದುವೆಗಳು ಮಂಟಪದಲ್ಲೇ ನಿಂತುಹೋದ ಮೇಲೆ ಸಮುದಾಯದ ಒಕ್ಕೂಟ ಈ ಮೆಷಿನು ತರಿಸಿತು. ಒಂದು ಸೀಸೆ ಜೊಲ್ಲು, ಹನ್ನೆರಡು ನಿಮಿಷ, ಕೈಗೆ ಬಳಿಚೀಟಿ. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತು. ಊರು ಅದನ್ನು ಬಳಿಮೆಷಿನ್ ಎಂದು ಕರೆದು ತನ್ನದಾಗಿಸಿಕೊಂಡಿತ್ತು.

ಅದು ಓದುವುದು ಏನನ್ನು ಎಂದು ಕೇಳಿದವರಿಗೆ ನಿರೀಕ್ಷಾ ಕಿಟಕಿಯಾಚೆ ಜೆಟ್ಟಿಯ ಕಡೆ ಕೈ ತೋರಿಸುತ್ತಿದ್ದಳು. "ದೋಣಿ ಕಟ್ಟುವ ಹಗ್ಗ ನೋಡಿ. ಎರಡು ಎಳೆ ಹೊಸೆದದ್ದು. ಡಿಎನ್ಎ ಕೂಡ ಹಾಗೆ. ಎಳೆಗಳ ನಡುವೆ ಏಣಿಯ ಮೆಟ್ಟಿಲಿನಂತೆ ಅಕ್ಷರಗಳು. ಇರುವುದೇ ನಾಲ್ಕು. ಈಚೆ 'ಎ' ಇದ್ದರೆ ಆಚೆ 'ಟಿ', ಈಚೆ 'ಸಿ' ಇದ್ದರೆ ಆಚೆ 'ಜಿ'. ಒಂದು ಎಳೆ ಸಿಕ್ಕಿದರೆ ಸಾಕು, ಇನ್ನೊಂದನ್ನು ಬರೆದುಕೊಳ್ಳಬಹುದು. ಹಾಗೆ ಬರೆದುಕೊಂಡು ಬಂದದ್ದೇ ನಾವು ನೀವು."

ಜೀವಕೋಶದ ನಡುವಿನ ಕೋಣೆಯಲ್ಲಿ ಅಪ್ಪನ ಮುನ್ನೂರು ಕೋಟಿ ಅಕ್ಷರ, ಅಮ್ಮನ ಮುನ್ನೂರು ಕೋಟಿ. ಆದರೆ ಆ ಕೋಣೆಯ ಹೊರಗೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಗಳೆಂಬ ಕಣಗಳಲ್ಲಿ, ಬೇರೆಯೇ ಒಂದು ಪುಟ್ಟ ಉಂಗುರವಿದೆ. ಹದಿನಾರೂವರೆ ಸಾವಿರ ಅಕ್ಷರ, ಮೂವತ್ತೇಳು ಜೀನ್. ಅದು ಬರುವುದು ಅಮ್ಮನಿಂದ ಮಾತ್ರ, ಅವಳಿಗೆ ಅವಳ ಅಮ್ಮನಿಂದ. ಅಜ್ಜಿಯರು ಬಾಯಲ್ಲಿ ಕಾಪಾಡಿಕೊಂಡು ಬಂದದ್ದನ್ನೇ ಉಂಗುರವೂ ಸದ್ದಿಲ್ಲದೆ ಕಾಪಾಡಿಕೊಂಡು ಬಂದಿತ್ತು.

"ಅಪ್ಪನಿಂದ ಎಂತದೂ ಬರುವುದಿಲ್ಲವಾ?" ಎಂದು ಒಮ್ಮೆ ಮದುಮಗನ ತಂದೆಯೊಬ್ಬ ನೊಂದು ಕೇಳಿದ್ದ.

"ಮೂಗು ಬರ್ತದೆ, ಗೊರಕೆ ಬರ್ತದೆ. ಉಂಗುರ ಇಲ್ಲ," ಎಂದಿದ್ದಳು ಕೌಂಟರಿನಲ್ಲಿದ್ದ ರೊವಿನಾ ಕ್ರಾಸ್ತಾ. ಕೇಂದ್ರದಲ್ಲಿ ಇದ್ದದ್ದು ಇವರಿಬ್ಬರೇ. ಓದುವವಳು ನಿರೀಕ್ಷಾ, ಉಳಿದದ್ದೆಲ್ಲ ರೊವಿನಾ.

ನಿರೀಕ್ಷಾಳ ಉಂಗುರದಲ್ಲಿ ಒಂದು ಅಕ್ಷರ ತಪ್ಪಿತ್ತು. ಅವಳ ಅಜ್ಜಿಯ ಕಾಲದಲ್ಲಿ ಎಲ್ಲೋ 'ಎ' ಇರಬೇಕಾದಲ್ಲಿ 'ಜಿ' ಬಿದ್ದು, ಆ ಒಂದು ಮನೆಯಲ್ಲಿ ಮಾತ್ರ ಹಾಗೆಯೇ ನಕಲಾಗುತ್ತ ಬಂದಿತ್ತು. ಅಜ್ಜಿಗೆ ಸಂಜೆಯಾದರೆ ರೆಪ್ಪೆ ಜೋಲುತ್ತಿತ್ತು. ಅಮ್ಮನಿಗೆ ನಲವತ್ತಕ್ಕೇ ಮೆಟ್ಟಿಲು ಹತ್ತಲಾಗಲಿಲ್ಲ. ತಮ್ಮ ಸಂದೇಶ ಹತ್ತೊಂಬತ್ತಕ್ಕೆ ಹೋದ. ಅವಳಿಗೆ ಅದು ಮೆತ್ತಗೆ ಬಂದಿತ್ತು: ಮನೆಯ ಮೆಟ್ಟಿಲಿನ ನಾಲ್ಕನೆಯದರಲ್ಲಿ ಗೋಡೆಗೆ ಕೈಕೊಟ್ಟು ಒಮ್ಮೆ ನಿಲ್ಲಬೇಕು, ಅಷ್ಟೆ. ಆದರೆ ಅವಳ ಮೊದಲ ಮಗು ನಾಲ್ಕು ತಿಂಗಳು ಬದುಕಿತು.

ಎರಡನೆಯ ಸಲ ದೊಡ್ಡ ಆಸ್ಪತ್ರೆಯ ಡಾಕ್ಟರು ಕಾಗದದ ಮೇಲೆ ಎರಡು ಮೊಟ್ಟೆ ಬರೆದು ತೋರಿಸಿದರು. ಇವಳ ಅಂಡದ ನಡುಕೋಣೆಯನ್ನು ತೆಗೆದು, ಇನ್ನೊಬ್ಬಳ ಅಂಡದ ನಡುಕೋಣೆಯನ್ನು ಖಾಲಿ ಮಾಡಿ, ಇದನ್ನು ಅಲ್ಲಿ ಇಡುವುದು. "ದೋಣಿ ನಿಮ್ಮದೇ ಅಮ್ಮಾ. ಎಂಜಿನ್ ಮಾತ್ರ ಅವರದು."

ಇನ್ನೊಬ್ಬಳು ಯಾರು ಎಂದು ಗಂಡ ಹೆಂಡತಿ ಯೋಚಿಸುತ್ತಿರುವಾಗಲೇ ಗಂಡ ಯತೀಶನ ತಂಗಿ ಸುಜಯಾ ಈಜುಕೊಳದಿಂದ ಒದ್ದೆ ಕೂದಲಿನಲ್ಲೇ ಬಂದಿದ್ದಳು. ಆಗ ಅವಳಿಗೆ ಇಪ್ಪತ್ತೆರಡು. ಬಾಗಿಲಲ್ಲೇ ನಿಂತು, "ನನ್ನದು ತೆಗೊಳ್ಳಿ ಅತ್ತಿಗೆ. ತಿಂಗಳಿಗೊಂದು ಸುಮ್ಮನೆ ಹಾಳಾಗಿ ಹೋಗ್ತದೆ," ಎಂದು ನಕ್ಕಿದ್ದಳು.

ಆ ಸಲೀಸನ್ನು ನಿರೀಕ್ಷಾ ಈವರೆಗೆ ಕ್ಷಮಿಸಿರಲಿಲ್ಲ. ಕೊಡುವವಳು ಒಂದಿಷ್ಟು ಒದ್ದಾಡಿದ್ದರೆ, ಒಂದು ರಾತ್ರಿ ನಿದ್ದೆಗೆಟ್ಟಿದ್ದರೆ, ಪಡೆದವಳಿಗೆ ಹಗುರವಾಗುತ್ತಿತ್ತು. ಸುಜಯಾ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡುವವಳ ಹಾಗೆ ಕೊಟ್ಟುಬಿಟ್ಟಿದ್ದಳು.

ಹುಟ್ಟಿದವಳು ಚಾರ್ವಿ. ಈಗ ಹದಿನಾರು. ಅವಳು ನಾಲ್ಕನೆಯ ಮೆಟ್ಟಿಲನ್ನು ಮೆಟ್ಟಿದ್ದೇ ಇಲ್ಲ. ಮೂರರಿಂದ ಆರಕ್ಕೆ ಹಾರುತ್ತಿದ್ದಳು.

ಭಾನುವಾರ ಮಧ್ಯಾಹ್ನ ಸುಜಯಾ ಊಟಕ್ಕೆ ಬರುವುದು ವಾಡಿಕೆ. ಮದುವೆಯಾಗಿರಲಿಲ್ಲ, ಜಿಲ್ಲಾ ಈಜುಕೊಳದಲ್ಲಿ ತರಬೇತಿ ಕೊಡುತ್ತಿದ್ದಳು. ಚಾರ್ವಿಯೂ ಅವಳ ಶಿಷ್ಯೆ. ಊಟವಾದ ಮೇಲೆ ಅತ್ತೆ ಸೊಸೆ ಸ್ಟೀಲಿನ ಬೋಗುಣಿಗೆ ನೀರು ತುಂಬಿ, ಒಬ್ಬೊಬ್ಬರಾಗಿ ಮುಖ ಮುಳುಗಿಸಿ, ಉಸಿರು ಕಟ್ಟುವ ಪಂಥ ಹೂಡುತ್ತಿದ್ದರು.

"ಒಂದು ನಿಮಿಷ ಐವತ್ತು! ಅಪ್ಪಾ ನೋಡು, ಅತ್ತೆಯನ್ನು ಮೀರಿಸಿದೆ!"

"ಮೋಸ! ಮೂಗಿನಿಂದ ಗುಳ್ಳೆ ಬಂತು. ನಾನು ಕಂಡಿದ್ದೇನೆ," ಎಂದಳು ಸುಜಯಾ.

"ಗುಳ್ಳೆಗೂ ನಿಮಗೆ ಹೊಟ್ಟೆಕಿಚ್ಚಾ ಅತ್ತೆ?"

"ಅಮ್ಮಾ, ನೀನು ಒಂದ್ಸಲ!" ಚಾರ್ವಿ ಬೋಗುಣಿಯನ್ನು ಇವಳ ಕಡೆ ತಳ್ಳಿದಳು. ನಿರೀಕ್ಷಾ ಮುಖ ಅದ್ದಿದಳು. ಇಪ್ಪತ್ತೆಂಟು ಸೆಕೆಂಡಿಗೆ ಎದೆ ಬಡಿದುಕೊಂಡು ಎದ್ದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುವಾಗ ಅವಳ ಕೆಳತುಟಿ ಎಡಗಡೆಯಿಂದ ಹಲ್ಲಿನ ಅಡಿಗೆ ಹೋಗಿತ್ತು, ಕಣ್ಣು ಕಿರಿದಾಗಿತ್ತು. ಅಸೂಯೆಯಾದಾಗ ಅವಳ ಮುಖ ಹಾಗಾಗುತ್ತದೆಂದು ಜಗತ್ತಿನಲ್ಲಿ ರೊವಿನಾ ಒಬ್ಬಳಿಗೆ ಗೊತ್ತಿತ್ತು ಎಂದು ಅವಳು ತಿಳಿದಿದ್ದಳು.

ಉಸಿರು ಕಟ್ಟುವುದಕ್ಕೂ ಉಂಗುರಕ್ಕೂ ನೇರ ಸಂಬಂಧವಿಲ್ಲ, ಅದು ಅಭ್ಯಾಸ. ಸುಜಯಾಳ ಹಾಗೆ ಚಾರ್ವಿ ಮೊಸರನ್ನಕ್ಕೆ ಸಕ್ಕರೆ ಹಾಕಿಕೊಳ್ಳುವುದಕ್ಕೂ ಸಂಬಂಧವಿಲ್ಲ. ಸುಜಯಾಳ ಹಾಗೆ ಕುರ್ಚಿಯಲ್ಲಿ ಒಂದು ಕಾಲು ಮಡಚಿ ಕೂರುವುದು ಯತೀಶನ ಕಡೆಯಿಂದಲೂ ಬಂದಿರಬಹುದು. ಎಷ್ಟೆಂದರೂ ಅಣ್ಣ ತಂಗಿ. ಇದೆಲ್ಲ ನಿರೀಕ್ಷಾಳಿಗೆ ಗೊತ್ತಿತ್ತು. ಇಪ್ಪತ್ತು ಸಾವಿರ ಜೀನ್‌ಗಳಲ್ಲಿ ನಾದಿನಿಯದು ಮೂವತ್ತೇಳು. ಮೂವತ್ತೇಳೇ. ಆದರೆ ಮಗಳು ಮೆಟ್ಟಿಲು ಹಾರಿದಾಗ, ಮೂರನೆಯ ಸಲ ಅನ್ನ ಬಡಿಸಿಕೊಂಡಾಗ, ದಣಿವೆಂದರೆ ಏನೆಂದೇ ಗೊತ್ತಿಲ್ಲದವಳಂತೆ ಶಿಳ್ಳೆ ಹಾಕಿಕೊಂಡು ಸ್ನಾನಕ್ಕೆ ಹೋದಾಗ, ಆ ಮೂವತ್ತೇಳೂ ಅವಳ ಕಣ್ಣಿಗೆ ದೊಡ್ಡದಾಗಿ ಕಾಣುತ್ತಿದ್ದವು. ಎಂಜಿನ್ ಇಲ್ಲದ ದೋಣಿಯನ್ನು ದೋಣಿ ಎಂದು ಯಾರಾದರೂ ಕರೆಯುತ್ತಾರೆಯೇ? ದಡದಲ್ಲಿ ಕೋಳಿ ಕಾವು ಕೂರುವುದಕ್ಕೆ ಬಳಸುತ್ತಾರೆ.

ಪಾತ್ರೆ ತೊಳೆಯುವಾಗ ಸುಜಯಾ ಮೆಲ್ಲನೆ ಕೇಳಿದಳು. "ಮುಂದಿನ ವಾರ ಇವಳ ಚೀಟಿ ಅಲ್ವಾ ಅತ್ತಿಗೆ?"

"ಹೌದು."

"ಅದರಲ್ಲಿ ಎಂತ ಬರ್ತದೆ?"

"ಬರಬೇಕಾದ್ದು ಬರ್ತದೆ."

ಸುಜಯಾ ತಟ್ಟೆಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. "ನಮ್ಮ ಮೆಂಡನ್ ಮೂಲಸ್ಥಾನದಲ್ಲಿ ನನ್ನ ನಂತರ ದೀಪ ಹಿಡಿಯಲಿಕ್ಕೆ ಹೆಣ್ಣು ಯಾರೂ ಇಲ್ಲ. ಸುಮ್ಮನೆ ಹೇಳಿದೆ, ಮಾರಾಯ್ರೆ. ಮುಖ ಹಾಗೆ ಮಾಡ್ಬೇಡಿ."

ಒಂದೊಂದು ಬಳಿಯ ಒಂದೊಂದು ಕುಟುಂಬಕ್ಕೂ ಒಂದು ಮೂಲಸ್ಥಾನ, ಅಲ್ಲಿ ಮನೆತನದ ದೈವ. ವರ್ಷದ ಸೇವೆಯ ದಿನ ಹದಿನಾರು ತುಂಬಿದ ಹೆಣ್ಣುಮಗಳು ದೀಪ ಹಿಡಿದು ಒಳಗೆ ಹೋಗುವುದು ಈ ಎರಡೂ ಮನೆಗಳ ಕ್ರಮ. ನಿರೀಕ್ಷಾಳ ತವರಾದ ಕುಂದರ್ ಮನೆಯಲ್ಲೂ ಆ ತಲೆಮಾರಿಗೆ ಇದ್ದವಳು ಚಾರ್ವಿ ಒಬ್ಬಳೇ. ನಿರೀಕ್ಷಾಳ ಸೋದರಮಾವ ಸೋಮನಾಥ, ಆ ಊರಿನ ಮೊಗವೀರರ ಮುಖಂಡನಾದ ಗುರಿಕಾರ, ಎರಡು ತಿಂಗಳಿಂದ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದರು. "ಸೀರೆ ನಾನು ತರ್ತೇನೆ. ಚೀಟಿ ನೀನು ತಾ. ಈಗ ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ, ನಾನೇ ಮಾಡಿದ ನಿಯಮ."

ಅಂಡದ ವಿಷಯ ಮಾವನಿಗೆ ಗೊತ್ತಿರಲಿಲ್ಲ. ಚಾರ್ವಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೂವರಿಗೆ, ಮತ್ತು ಹನ್ನೆರಡು ನಿಮಿಷ ಕೊಟ್ಟರೆ ಮೆಷಿನಿಗೆ.

ಸೋಮವಾರ ಸುಜಯಾಳೇ ಚಾರ್ವಿಯನ್ನು ಸ್ಕೂಟರಿನಲ್ಲಿ ಕರೆತಂದಳು. ಹುಡುಗಿ ಸೀಸೆಗೆ ಗೆರೆ ಮೀರಿ ತುಂಬಿಸಿ, "ಸಾಕಾ? ಇನ್ನೊಂದು ಲೋಟ ಕೊಡ್ಲಾ?" ಎಂದಳು. ಬೆಂಚಿನಲ್ಲಿ ಸುಜಯಾ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ಪಟ್ಟಿಯನ್ನು ಬಿಚ್ಚುತ್ತ ಹಾಕುತ್ತ ಕೂತಿದ್ದಳು. ಅವಳು ನೆಟ್ಟಗೆ ನೋಡುತ್ತಿದ್ದದ್ದು ಓದುವ ಕೋಣೆಯ ಬಾಗಿಲನ್ನು. ಅವಳ ಮುಖದಲ್ಲಿ ಆಸೆ ಇತ್ತು. ಮುಚ್ಚಿಡಲು ಬಾರದ, ಪೆದ್ದು ಆಸೆ.

ಅದನ್ನು ಕಾಣದಿದ್ದರೆ ನಿರೀಕ್ಷಾ ಆ ಕೆಲಸ ಮಾಡುತ್ತಿದ್ದಳೋ ಇಲ್ಲವೋ.

ಒಳಗೆ ರೊವಿನಾ ಮೆಷಿನಿನ ಮುಚ್ಚಳ ತೆಗೆದಿದ್ದಳು. "ಇವತ್ತಿನಿಂದ ಹೊಸ ಕಾರ್ಟ್ರಿಜ್ ಮಾರಾಯ್ತಿ. ಹಳೆಯದು ಉಂಗುರದ ಒಂದು ತುಂಡು ಮಾತ್ರ ಓದುತ್ತಿತ್ತಲ್ಲ, ಇದು ಇಡೀ ಉಂಗುರ ಓದ್ತದೆ. ಇಲ್ಲಿ ಸಹಿ ಹಾಕು. ನಿನ್ನ ತುಟಿ ಎಂತ ಪುನಃ ಒಳಗೆ ಹೋಗಿದೆ?"

"ಏನಿಲ್ಲ." ನಿರೀಕ್ಷಾ ಸಹಿ ಹಾಕಿದಳು. ಏನಕ್ಕೆ ಎಂದು ಓದಲಿಲ್ಲ.

ಕೈತೊಳೆಯುವ ಕೋಣೆಯಲ್ಲಿ ಅವಳು ಖಾಲಿ ಸೀಸೆ ತೆಗೆದಳು. ಬಾಯಿ ಒಣಗಿತ್ತು. ದಿನಕ್ಕೆ ನಲವತ್ತು ಜನರಿಗೆ ಹೇಳುವ ಮಾತನ್ನು ಕನ್ನಡಿಯಲ್ಲಿದ್ದವಳಿಗೆ ಹೇಳಿಕೊಂಡಳು. ಉಗುಳು. ಗೆರೆಯವರೆಗೆ ತುಂಬುವುದಕ್ಕೆ ಏಳು ಸಲ ಬೇಕಾಯಿತು. ಚಾರ್ವಿಯ ಸೀಸೆಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ತನ್ನದಕ್ಕೆ ಅಂಟಿಸಿದಳು. ಮಗಳ ಸೀಸೆಯನ್ನು ಚೆಲ್ಲಲು ಹೋಗಿ, ಚೆಲ್ಲಲಾರದೆ, ಏಪ್ರನ್ನಿನ ಕಿಸೆಯಲ್ಲಿ ಇಟ್ಟುಕೊಂಡಳು. ಅದು ಇನ್ನೂ ಬೆಚ್ಚಗಿತ್ತು.

ಹನ್ನೆರಡು ನಿಮಿಷದ ನಂತರ ಪರದೆಯ ಮೇಲ್ಗಡೆ ಮೂಡಿತು: ಚಾರ್ವಿ. ಬಳಿ: ಕುಂದರ್. ಅವಳು ಆ ಒಂದು ಸಾಲನ್ನು ನೋಡಿದಳು. ಕೆಳಗಿನ ಸಾಲುಗಳನ್ನು ನೋಡಲಿಲ್ಲ. ದಿನವೂ ಇನ್ನೊಬ್ಬರ ಚೀಟಿಯನ್ನು ಎರಡೆರಡು ಸಲ ಓದುವವಳು ತನ್ನ ಮಗಳದನ್ನು ಒಂದೇ ಸಾಲು ಓದಿ, ಮಡಚಿ, ಹೊರಗೆ ಕೊಟ್ಟಳು.

ಸುಜಯಾ ಚೀಟಿ ನೋಡಿದಳು. ಹೆಲ್ಮೆಟ್ ಹಾಕಿಕೊಂಡಳು. "ಒಳ್ಳೆಯದಾಯಿತು ಅತ್ತಿಗೆ," ಎಂದಳು, ಗಾಜಿನ ಒಳಗಿನಿಂದ.

ನಾಲ್ಕನೆಯ ದಿನ ಚಾರ್ವಿಯ ಫೋನಿಗೆ ರಾಜ್ಯ ಈಜು ಶಿಬಿರದಿಂದ ಮೆಸೇಜ್ ಬಂತು. ಆರೋಗ್ಯ ಕಡತದಲ್ಲಿ ಕೆಂಪು ಗುರುತು ಇರುವುದರಿಂದ ಆಯ್ಕೆ ಸ್ಪರ್ಧೆಗೆ ಪ್ರವೇಶವಿಲ್ಲ. ಸ್ನಾಯು ತಜ್ಞರನ್ನು ಕಾಣುವುದು.

ಹೊಸ ಕಾರ್ಟ್ರಿಜ್ ಇಡೀ ಉಂಗುರವನ್ನು ಓದಿತ್ತು. ಓದಿದ್ದರಲ್ಲಿ ರೋಗದ ಅಕ್ಷರ ಕಂಡರೆ ಅದು ತಾನಾಗಿಯೇ ಸರ್ಕಾರದ ಆರೋಗ್ಯ ಕಡತಕ್ಕೆ ಹೋಗುತ್ತಿತ್ತು. ನಿರೀಕ್ಷಾ ಸಹಿ ಹಾಕಿದ್ದು ಅದಕ್ಕೇ. ಹುಟ್ಟಿದಂದಿನಿಂದ ತನ್ನೊಳಗೇ ಇದ್ದ ಆ ಒಂದು 'ಜಿ' ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಹೆಸರನ್ನು ಕೊಡುವಾಗ ಅದನ್ನೂ ಕೊಡುತ್ತಿದ್ದೇನೆಂದು ಹೊಳೆದೇ ಇರಲಿಲ್ಲ.

"ಸಂದೇಶ ಮಾಮನಿಗೆ ಇದ್ದದ್ದೇ ಅಲ್ವಾ ಇದು?" ಎಂದು ಚಾರ್ವಿ ಗೋಡೆಯ ಫೋಟೋ ಕಡೆ ನೋಡದೆ ಕೇಳಿದಳು.

"ಎಲ್ಲರಿಗೂ ಒಂದೇ ಥರ ಬರುವುದಿಲ್ಲ..."

"ಮಾಮನಿಗೆ ಹತ್ತೊಂಬತ್ತು. ಅಂದ್ರೆ ಮೂರು ವರ್ಷ."

ಯತೀಶ ಹೆಂಡತಿಯ ಮುಖ ನೋಡಿದ. ಮೀನು ಶೈತ್ಯಾಗಾರದಲ್ಲಿ ಸೂಪರ್‌ವೈಸರ್ ಆಗಿದ್ದ ಅವನಿಗೆ ಜಗಳ ಎಂದರೆ ಭಯ. "ಇದು ಹೇಗೆ...?" ಎಂದು ಶುರು ಮಾಡಿ, ಮಗಳ ಎದುರು ಮುಂದುವರಿಸಲಾಗದೆ, ನೀರು ಕುಡಿದ.

ಅಂದಿನಿಂದ ಚಾರ್ವಿ ಈಜಲು ಹೋಗಲಿಲ್ಲ. ಎರಡು ಬೆರಳಿನಿಂದ ಕೈನಾಡಿ ಹಿಡಿದುಕೊಂಡು ಕೂರತೊಡಗಿದಳು. ಕಾಲು ನೋಯುತ್ತದೆ ಎಂದಳು. ಕನ್ನಡಿಯಲ್ಲಿ ರೆಪ್ಪೆ ಎತ್ತಿ ನೋಡಿಕೊಂಡಳು. ಅನ್ನ ಎರಡನೆಯ ಸಲವೂ ಬೇಡವಾಯಿತು.

ಮರುದಿನ ಸುಜಯಾ ಬಂದಾಗ ನಿರೀಕ್ಷಾ ಹಿತ್ತಿಲ ಕಟ್ಟೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ನಾದಿನಿ ಚೀಟಿಯನ್ನು ಒದ್ದೆ ಕಲ್ಲಿನ ಮೇಲೆ ಇಟ್ಟಳು.

"ಅದು ಯಾರ ಜೊಲ್ಲು ಅತ್ತಿಗೆ?"

ನಿರೀಕ್ಷಾ ಮೀನಿನ ಕಿವಿರು ತೆಗೆದಳು. ಇನ್ನೊಂದು ಮೀನು ಎತ್ತಿಕೊಂಡಳು.

"ನನ್ನ ಅಂಡದಲ್ಲಿ ಆ ಅಕ್ಷರ ಇರಲಿಲ್ಲ. ಅದಕ್ಕೇ ಅಲ್ವಾ ನನ್ನದು ತೆಗೊಂಡದ್ದು? ಹಾಗಾದ್ರೆ ಅದು ಯಾರದ್ದು?"

"ಅವಳ ಮೇಲೆ ನನ್ನ ಹೆಸರು ಬೇಕಿತ್ತು."

"ನಿಮ್ಮ ಹೆಸರು ಇಲ್ಲದ ಜಾಗ ಎಲ್ಲುಂಟು ಅವಳಲ್ಲಿ?" ಸುಜಯಾಳ ದನಿ ಮೊದಲ ಬಾರಿಗೆ ಒಡೆಯಿತು. "ಹದಿನಾರು ವರ್ಷದಿಂದ ಹುಡುಕ್ತಾ ಇದ್ದೇನೆ ನಾನು. ಹಣೆ ನಿಮ್ಮದು. ಬೆರಳು ನಿಮ್ಮದು. ಕಿವಿ ನಮ್ಮಣ್ಣನದು. ನಿದ್ದೆಯಲ್ಲಿ ಮಾತಾಡುವುದು ನಿಮ್ಮ ಅಮ್ಮನದು. ನನ್ನದು ಎಂತ ಉಂಟು ಹೇಳಿ? ಕಣ್ಣಿಗೆ ಕಾಣುವಂಥದ್ದು ಒಂದು? ಮೆಷಿನು ಒಂದು ಸಲ ನನ್ನ ಹೆಸರು ಹೇಳ್ತದೆ ಅಂತ ನಾನು ಬೆಳಿಗ್ಗೆ ತಿಂಡಿ ಕೂಡ ತಿನ್ನದೆ ಬಂದಿದ್ದೆ. ನಿಮಗೆ ಅದನ್ನೂ ಕಾಣಲಿಕ್ಕೆ ಆಗಲಿಲ್ಲ."

"ಕಂಡಿತ್ತು," ಎಂದಳು ನಿರೀಕ್ಷಾ.

ಸುಜಯಾ ಚೀಟಿಯನ್ನು ಕಲ್ಲಿನಿಂದ ಎತ್ತಿಕೊಂಡಳು. "ನಾನು ಯಾರಿಗೂ ಹೇಳುವುದಿಲ್ಲ. ನೀವೇ ಹೇಳಿ," ಎಂದು ಹೊರಟುಹೋದಳು. ಅಲ್ಲೂ ಅದೇ ಸಲೀಸು.

ನಿರೀಕ್ಷಾ ಎರಡು ದಿನ ಹೇಳಲಿಲ್ಲ. ಒಂದು ನಿಮಿಷದ ಕೆಲಸಕ್ಕೆ ಎರಡು ದಿನ. ಹೇಳಿದರೆ ಮಗಳು ಆರೋಗ್ಯವಂತೆ, ಮೆಂಡನ್. ಹೇಳದಿದ್ದರೆ ರೋಗಿ, ಕುಂದರ್. ಇದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಆದರೂ ಅವಳು ಯೋಚಿಸಿದಳು. ತಜ್ಞರ ಹತ್ತಿರ ಕರೆದುಕೊಂಡು ಹೋಗಿ ಸ್ನಾಯು ಚೆನ್ನಾಗಿದೆ ಎಂದು ಬರೆಸಿದರೆ? ಗುರುತು ಹಾಗೆಯೇ ಇದ್ದು ಈಜಲು ಬಿಟ್ಟರೆ? ಹೆಸರೂ ಉಳಿದು ಮಗಳೂ ಉಳಿಯುವ ಸಂದಿಗೊಂದಿಗಳನ್ನೆಲ್ಲ ಮನಸ್ಸು ಮೂಸಿ ನೋಡಿತು.

ಮೂರನೆಯ ದಿನ ಬೆಳಿಗ್ಗೆ ಅವಳು ಕೆಳಗೆ ನಿಂತಿದ್ದಾಗ ಚಾರ್ವಿ ಮೆಟ್ಟಿಲು ಹತ್ತುತ್ತಿದ್ದಳು. ಒಂದು, ಎರಡು, ಮೂರು. ನಾಲ್ಕನೆಯದರಲ್ಲಿ ನಿಂತಳು. ಗೋಡೆಗೆ ಕೈಕೊಟ್ಟಳು. ತಲೆ ತುಸು ಬಾಗಿಸಿ ಉಸಿರು ತೆಗೆದುಕೊಂಡಳು. ಸುಣ್ಣದ ಮೇಲೆ ನಿರೀಕ್ಷಾಳ ಅಂಗೈ ವರ್ಷಗಟ್ಟಲೆ ಒತ್ತಿ ಒತ್ತಿ ಮಾಸಿದ ಒಂದು ಗುರುತಿತ್ತು. ಮಗಳ ಕೈ ಸರಿಯಾಗಿ ಅದರ ಮೇಲೆ ಕೂತಿತ್ತು.

ನಿರೀಕ್ಷಾಳಿಗೆ ಸಂತೋಷವಾಯಿತು.

ಒಂದೇ ಗಳಿಗೆ. ನನ್ನ ಹಾಗೆ ನಿಂತಳು ಎಂಬ, ಹೊಟ್ಟೆಯೊಳಗಿಂದ ಉಕ್ಕಿದ ಸಂತೋಷ. ಮರುಗಳಿಗೆ ಅವಳಿಗೆ ತನ್ನ ಮೇಲೆಯೇ ಎಂಥ ಹೆದರಿಕೆ ಬಂತೆಂದರೆ, ಕೈಯಲ್ಲಿದ್ದ ಚೊಂಬು ನೆಲಕ್ಕೆ ಬಿತ್ತು.

"ಚಪ್ಪಲಿ ಹಾಕು," ಎಂದಳು. "ಕೇಂದ್ರಕ್ಕೆ ಹೋಗುವ."

"ಯಾಕೆ?"

"ಹಾಕು ಅಂದೆ."

ರೊವಿನಾ ಏನೂ ಕೇಳದೆ ಸೀಸೆ ಕೊಟ್ಟಳು. ಈ ಬಾರಿ ಚಾರ್ವಿಯ ಬಾಯಿ ಒಣಗಿತ್ತು. ಹನ್ನೆರಡು ನಿಮಿಷ ತಾಯಿ ಮಗಳು ಪರದೆಯ ಮುಂದೆ ಒಂದೇ ಸ್ಟೂಲಿನ ಅರ್ಧರ್ಧದಲ್ಲಿ ಕೂತಿದ್ದರು. ಆಮೇಲೆ ನಾಲ್ಕು ಬಣ್ಣದ ಅಕ್ಷರಗಳ ಮೂರು ಸಾಲು ಮೂಡಿದವು. ನಿರೀಕ್ಷಾ ಬೆರಳಿಟ್ಟು ತೋರಿಸಿದಳು.

"ಮೇಲಿನದು ನಾನು. ಇಲ್ಲಿ ನೋಡು, ಈ 'ಜಿ'. ಕೆಂಪಾದದ್ದು. ನಡುವಿನದು ನೀನು. ನಿನ್ನಲ್ಲಿ ಅದು 'ಎ'. ಸರಿಯಾಗಿ ಉಂಟು. ಯಾವ ರೋಗವೂ ಇಲ್ಲ ನಿನಗೆ. ಮೊನ್ನೆ ಓದಿದ್ದು ನಿನ್ನದಲ್ಲ. ನನ್ನದು. ನಾನೇ ಬದಲಿಸಿದೆ."

"ಕೆಳಗಿನದು ಯಾರು?"

ಕೆಳಗಿನ ಸಾಲೂ ನಡುವಿನ ಸಾಲೂ ಕೊನೆಯತನಕ ಒಂದೇ. ಪರದೆ ಸರಿದಂತೆ ಸರಿದಂತೆ ಒಂದು ಅಕ್ಷರವೂ ತಪ್ಪದೆ ಜೊತೆಜೊತೆಯಾಗಿ ಓಡುತ್ತಿದ್ದವು, ಒಂದೇ ಗುಂಪಿನಲ್ಲಿ ಕಲಿತ ಇಬ್ಬರು ಈಜುಗಾರರ ಹಾಗೆ.

"ನಿನ್ನ ಅತ್ತೆ," ಎಂದಳು ನಿರೀಕ್ಷಾ. "ನೀನು ಹುಟ್ಟುವ ಮೊದಲು ಆಸ್ಪತ್ರೆಯಲ್ಲಿ ಓದಿಸಿದ್ದು." ಮತ್ತೆ ಎಲ್ಲವನ್ನೂ ಹೇಳಿದಳು: ತಮ್ಮ ಸಂದೇಶ, ನಾಲ್ಕು ತಿಂಗಳ ಮಗು, ಎರಡು ಮೊಟ್ಟೆಯ ಚಿತ್ರ, ಒದ್ದೆ ಕೂದಲು, ದೋಣಿ, ಎಂಜಿನ್.

ಚಾರ್ವಿ ನಡುವಿನ ಸಾಲಿನ 'ಎ' ಮೇಲೆ ಬೆರಳಿಟ್ಟಳು. "ಹಾಗಾದ್ರೆ ನಾಳೆ ನಾನು ನೀರಿಗೆ ಇಳಿಯಬಹುದಾ?"

"ಇಳಿಯಬಹುದು."

"ಅತ್ತೆಗೆ ಇದೆಲ್ಲ ಗೊತ್ತುಂಟಾ?"

"ಗೊತ್ತುಂಟು."

"ಅಪ್ಪನಿಗೆ?"

"ಹೂಂ."

"ಅಂದ್ರೆ ಇಷ್ಟು ದಿನ ನಾನು ಸಾಯ್ತೇನೆ ಅಂತ ಕೂತಿದ್ದೆ, ನೀವೆಲ್ಲ ಕೂತು ನೋಡ್ತಾ ಇದ್ದಿರಿ." ಚಾರ್ವಿ ಸ್ಟೂಲಿನಿಂದ ಎದ್ದಳು. ಅರ್ಧದ ಭಾರ ತಪ್ಪಿ ನಿರೀಕ್ಷಾ ಬೀಳುವವಳಿದ್ದಳು. ಮನೆಯವರೆಗೂ ಹುಡುಗಿ ಹತ್ತು ಹೆಜ್ಜೆ ಮುಂದೆ ನಡೆದಳು, ಆಮೇಲೆ ಓಡಿದಳು. ನಿರೀಕ್ಷಾ ಅವಳನ್ನು ಹಿಡಿಯಲು ಯಾವ ಕಾಲಕ್ಕೂ ಸಾಧ್ಯವಿರಲಿಲ್ಲ.

ಒಂಬತ್ತು ದಿನ ಮಾತಿರಲಿಲ್ಲ. ಹತ್ತನೆಯ ದಿನ, "ಅಮ್ಮಾ, ನನ್ನ ಟವೆಲ್ ಎಲ್ಲುಂಟು?" ಎಂದಳು. ನಿರೀಕ್ಷಾ ಮಡಚಿಟ್ಟಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಚಿ ಕೊಟ್ಟಳು.

ನಡೆದದ್ದನ್ನು ಅವಳು ಒಕ್ಕೂಟಕ್ಕೆ ಬರೆದುಕೊಟ್ಟಿದ್ದಳು. ಓದುವ ಕೆಲಸ ಹೋಯಿತು. ಅದಕ್ಕೆ ಬೇರೊಬ್ಬಳು ಬಂದಳು. ರೊವಿನಾಳ ಪಕ್ಕದಲ್ಲಿ ಸೀಸೆ ತೊಳೆಯುವ, ಚೀಟಿ ಅಂಟಿಸುವ ಕೆಲಸ ಉಳಿಯಿತು. "ಬಾ, ಇಲ್ಲಿ ಗಾಳಿ ಚೆನ್ನಾಗಿ ಬರ್ತದೆ," ಎಂದಷ್ಟೇ ಹೇಳಿ ರೊವಿನಾ ಕುರ್ಚಿ ಸರಿಸಿದಳು.

ಸೋಮನಾಥ ಮಾವ ಆ ಸೀರೆಯನ್ನು ಹಿಡಿದುಕೊಂಡೇ ಮನೆಗೆ ಬಂದಿದ್ದರು. ಹಸಿರು, ಅಂಚಿಗೆ ಕಿರು ಜರಿ. ನಿರೀಕ್ಷಾ ಹೇಳಿದ್ದನ್ನೆಲ್ಲ ಕೇಳಿ ಸೀರೆಯ ಮಡಿಕೆ ಸರಿಪಡಿಸಿದರು.

"ನಾನು ಇವಳನ್ನು ಹೆಗಲ ಮೇಲೆ ಕೂರಿಸಿ ಮೂಲಸ್ಥಾನ ತೋರಿಸಿದ್ದೇನೆ," ಎಂದರು. "ಚೀಟಿಯ ನಿಯಮವೂ ನನ್ನದೇ. ಬೇರೆಯವರ ಮಕ್ಕಳಿಗೆ ಒಂದು, ನಮ್ಮ ಮಗುವಿಗೆ ಒಂದು ಮಾಡಲಿಕ್ಕೆ ಆಗುವುದಿಲ್ಲವಲ್ಲ ಮಗಳೇ." ಸೀರೆಯನ್ನು ಚಾರ್ವಿಯ ಕೈಗೇ ಕೊಟ್ಟರು. "ಅಲ್ಲಿ ಉಡು. ಸೀರೆಗೆ ಬಳಿ ಇಲ್ಲ."

ಮೆಂಡನ್ ಮನೆಯ ಸೇವೆಯ ದಿನ ಚಾರ್ವಿ ಆ ಹಸಿರು ಸೀರೆಯುಟ್ಟು, ಸುಜಯಾಳ ಕೈಯಿಂದ ದೀಪ ಇಸಿದುಕೊಂಡು, ಒಳಗೆ ಹೋದಳು. ಬೇರೆ ಬಳಿಯವರು ಹೊರಗಿನ ಚಪ್ಪರದಲ್ಲಿ ನಿಲ್ಲುವುದು ಕ್ರಮ. ಅಮ್ಮ ಎನ್ನುವವಳು ಅಲ್ಲಿ ನಿಂತಳು, ಜ್ಯೂಸ್ ಹಂಚುವವರ ಪಕ್ಕದಲ್ಲಿ. ಬಾಗಿಲಿನಿಂದ ಎರಡು ನೆರಳು ಕಾಣುತ್ತಿದ್ದವು, ಒಂದರ ಪಕ್ಕ ಒಂದು. ಯಾವುದು ಯಾರದೆಂದು ಅವಳಿಗೆ ತಿಳಿಯಲಿಲ್ಲ. ಕೆಳತುಟಿ ಎಡಗಡೆಯಿಂದ ಹಲ್ಲಿನ ಅಡಿಗೆ ಹೋಯಿತು, ಉಪ್ಪು ರುಚಿ ಬಂತು.

ಕೆಂಪು ಗುರುತು ಅಳಿಸಿದ ಮೇಲೆ ಶಿಬಿರದವರು ತಡವಾಗಿಯಾದರೂ ಚಾರ್ವಿಗೆ ಅವಕಾಶ ಕೊಟ್ಟರು. ಆಯ್ಕೆಯ ದಿನ ಅತ್ತಿಗೆ ನಾದಿನಿ ಕೊಳದ ಬದಿಯ ಒಂದೇ ಬೆಂಚಿನಲ್ಲಿ ಕೂತರು, ನಡುವೆ ಚಾರ್ವಿಯ ಚೀಲ. ನೂರು ಮೀಟರ್. ಇಬ್ಬರಿಗೆ ಮಾತ್ರ ಸ್ಥಾನ.

ಶಿಳ್ಳೆಯಾಯಿತು. ಹುಡುಗಿಯರು ಜಿಗಿದು ನೀರಿನ ಅಡಿಗೆ ಮಾಯವಾದರು. ಚಾರ್ವಿ ಮೇಲೆ ಬರಲಿಲ್ಲ. ಇನ್ನೂ ಬರಲಿಲ್ಲ. ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಮುಂದೆ ಎದ್ದಳು. ತಾನೂ ಉಸಿರು ಹಿಡಿದಿದ್ದೇನೆಂದು ನಿರೀಕ್ಷಾಳಿಗೆ ಗೊತ್ತಾದದ್ದು ಅದು ತಾನಾಗಿ ಹೊರಗೆ ಬಿದ್ದಾಗ. ಪಕ್ಕಕ್ಕೆ ನೋಡಿದಳು. ಸುಜಯಾ ಇನ್ನೂ ಹಿಡಿದೇ ಇದ್ದಳು, ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಅಗಲಿಸಿಕೊಂಡು. ಅಲ್ಲೂ ಅವಳೇ ಗೆದ್ದಿದ್ದಳು.

ಕೊನೆಯ ಹತ್ತು ಮೀಟರಿನಲ್ಲಿ ಪಕ್ಕದ ಸಾಲಿನ ಉದ್ದ ತೋಳಿನ ಹುಡುಗಿ ಚಾರ್ವಿಯನ್ನು ಸರಿಗಟ್ಟಿದಳು, ದಾಟಿದಳು, ಗೋಡೆ ಮುಟ್ಟಿದಳು. ಚಾರ್ವಿ ಎರಡನೆಯವಳು. ಆಯ್ಕೆಯಾದಳು.

"ಆಯಿತು! ಅತ್ತಿಗೆ, ಆಯಿತು!" ಸುಜಯಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು. "ಚಾರೂ! ಇಲ್ಲಿ!"

ಚಾರ್ವಿ ಕನ್ನಡಕವನ್ನು ಹಣೆಗೇರಿಸಿದಳು. ಅತ್ತೆಯ ಕಡೆ ನೋಡಲಿಲ್ಲ. ಅಮ್ಮನ ಕಡೆಯೂ ನೋಡಲಿಲ್ಲ. ಗೆದ್ದ ಹುಡುಗಿ ಹಗ್ಗದ ಮೇಲಿಂದ ಕೈ ಚಾಚಿದ್ದಳು. ಚಾರ್ವಿ ಅದನ್ನು ಕುಲುಕಿದಳು, ನಕ್ಕಳು ಕೂಡ. ನಗುವಾಗ ಅವಳ ಕಣ್ಣು ಕಿರಿದಾಯಿತು. ಕೆಳತುಟಿ, ಎಡಗಡೆಯಿಂದ, ನಿಧಾನವಾಗಿ ಹಲ್ಲಿನ ಅಡಿಗೆ ಹೋಯಿತು.

ಸುಜಯಾಳ ಚಪ್ಪಾಳೆ ನಿಂತಿತು. ಅವಳು ನೀರಿನಲ್ಲಿದ್ದ ಮುಖವನ್ನು ನೋಡಿದಳು, ತಿರುಗಿ ಬೆಂಚಿನಲ್ಲಿದ್ದ ಮುಖವನ್ನು ನೋಡಿದಳು. ಇಷ್ಟು ವರ್ಷ ಎದುರಿಗೇ ಇದ್ದ ತನ್ನ ಆ ಮುಖವನ್ನು ಅವಳೂ ಕಂಡಿದ್ದಳೆಂದು ನಿರೀಕ್ಷಾಳಿಗೆ ಗೊತ್ತಾದದ್ದು ಆಗಲೇ.

"ಅತ್ತಿಗೆ," ಎಂದಳು ಸುಜಯಾ, "ಆ ನೋಟ ನಮ್ಮ ಮನೆಯದ್ದಲ್ಲ, ನೋಡಿ."

"ಹೌದಾ?" ಎಂದಳು ನಿರೀಕ್ಷಾ, ಕೇಳಿಸದವಳ ಹಾಗೆ. ಚಾರ್ವಿಯ ಚೀಲವನ್ನು ತೊಡೆಯ ಮೇಲೆತ್ತಿಕೊಂಡು ನಾದಿನಿಯ ಕಡೆ ಸರಿದು ಕೂತಳು. "ಎಲ್ಲಿ, ಇನ್ನೊಮ್ಮೆ ಹೇಳು."